ಸೊಂಟಕ್ಕೆ ಕಾಡಿನ ಸಾಮಾನು ಕಟ್ಟುವುದು ಹೇಗೆ: ಬೆಲ್ಟ್‌ನಿಂದ ಚಾಕುವಿನ ಒರೆಯವರೆಗೆ

ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆಯ ಕಾಡಿಗೆ ಗುಂಪಾಗಿ ನಡೆಯಲು ಹೋದಾಗಲೆಲ್ಲ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಹೊಸಬರು ಬೆಲ್ಟ್ ತುಂಬ ಸಾಮಾನು ಸಿಕ್ಕಿಸಿಕೊಂಡು ಬರುತ್ತಾರೆ. ಒಂದು ಗಂಟೆ ನಡೆಯುವಷ್ಟರಲ್ಲಿ ಪ್ಯಾಂಟು ಒಂದು ಕಡೆ ಜಾರುತ್ತದೆ. ಎರಡು ಗಂಟೆಯಲ್ಲಿ ಅರ್ಧ ಸಾಮಾನು ಬೆನ್ನಿನ ಚೀಲ ಸೇರಿರುತ್ತದೆ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗನ ಚಾಕು ಇಳಿಜಾರಿನಲ್ಲಿ ಒರೆಯಿಂದ ಜಾರಿ ಒದ್ದೆ ಎಲೆಗಳ ನಡುವೆ ಬಿತ್ತು. ಹಿಂದೆ ಬರುತ್ತಿದ್ದವಳ ಕಾಲಿಗೂ ಅಲಗಿಗೂ ಒಂದು ಗೇಣಿನ ಅಂತರ ಅಷ್ಟೇ ಇತ್ತು. ಅವತ್ತು ಸಂಜೆಯೇ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಬೆನ್ನಿನ ಚೀಲ ಹಳ್ಳದಲ್ಲಿ ತೇಲಿ ಹೋಯಿತು ಅಂದುಕೊಳ್ಳಿ. ಆಗ ನಿಮ್ಮ ಹತ್ತಿರ ಏನಿರಬೇಕೋ ಅದು ಮಾತ್ರ ಸೊಂಟದಲ್ಲಿರಬೇಕು. ಕತ್ತರಿಸಲು ಒಂದು, ಬೆಂಕಿಗೆ ಒಂದು, ಕೂಗಿ ಕರೆಯಲು ಒಂದು, ಕಟ್ಟಲು ಒಂದು, ಬೆಳಕಿಗೆ ಒಂದು, ಗಾಯಕ್ಕೆ ಸ್ವಲ್ಪ. ಉಳಿದದ್ದೆಲ್ಲ ಚೀಲಕ್ಕೆ.

## ಶುರು ಮಾಡುವ ಮುಂಚೆ ಕೈಗೆ ಸಿಗುವಂತಿರಲಿ

ಅಡುಗೆಮನೆಯ ತಕ್ಕಡಿ, ಅಳತೆ ಟೇಪು, ಕತ್ತರಿ, ಹಳೆಯ ಸೈಕಲ್ ಟ್ಯೂಬ್, 4 ಮಿ.ಮೀ. ದಪ್ಪದ ನೈಲಾನ್ ಹಗ್ಗ ಮೂರು ಮೀಟರ್, ಜಿಪ್ ಇರುವ ಪ್ಲಾಸ್ಟಿಕ್ ಕವರ್ ಎರಡು, ಹತ್ತಿ, ವ್ಯಾಸಲಿನ್. ಬೆಳಗಾವಿಯ ಖಡೇಬಜಾರ್‌ನಲ್ಲಿ ಒಂದು ಸುತ್ತು ಹಾಕಿದರೆ ಇವುಗಳಲ್ಲಿ ಬಹುಪಾಲು ಸಿಗುತ್ತವೆ. ಟ್ಯೂಬಿಗೆ ಪಂಕ್ಚರ್ ಅಂಗಡಿಗೆ ಹೋಗಿ, ಸುಮ್ನೆ ಕೊಡುತ್ತಾರೆ.

## ಹಂತ 1: ಹೋಗುವ ಜಾಗಕ್ಕೆ ಚಾಕು ಒಯ್ಯಬಹುದಾ ಎಂದು ತಿಳಿದುಕೊಳ್ಳಿ

ಜಾಸ್ತಿ ಜನ ಇದನ್ನು ಕೊನೆಗೆ ಯೋಚಿಸುತ್ತಾರೆ, ಗೇಟಿನ ಮುಂದೆ ನಿಂತು. ಭೀಮಗಡ ವನ್ಯಜೀವಿ ಅಭಯಾರಣ್ಯ ಖಾನಾಪುರ ತಾಲ್ಲೂಕಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಹೋಗಲು ಅನುಮತಿ ಬೇಕು. ಆಯುಧ ಒಯ್ಯಲು ಬೇರೆ ಲಿಖಿತ ಅನುಮತಿ ಬೇಕು. ಬೆಂಕಿ ಹಚ್ಚುವಂತಿಲ್ಲ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಅಭಯಾರಣ್ಯಕ್ಕೂ ಇದೇ ಕಾಯ್ದೆ.

ಸಣ್ಣ ಚಾಕು ಆಯುಧ ಹೌದೋ ಅಲ್ಲವೋ ಎಂದು ಗಾರ್ಡ್ ಜೊತೆ ವಾದಕ್ಕೆ ನಿಲ್ಲಬೇಡಿ. ಮುಂಚೆಯೇ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಬೇಡ ಅಂದರೆ ಚಾಕು ಮನೆಯಲ್ಲಿರಲಿ. ಬೆಂಕಿಯ ಸಾಮಾನೂ ಮನೆಯಲ್ಲಿರಲಿ. ಸೀಟಿ, ಟಾರ್ಚ್, ಹಗ್ಗ, ಬ್ಯಾಂಡೇಜು ಇರುವ ಚೀಲ ಚಾಕು ಇಲ್ಲದೆಯೂ ಪೂರ್ತಿ ಕೆಲಸಕ್ಕೆ ಬರುತ್ತದೆ.

ಅಳತೆಯ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸಿದ್ದಾರೆ. ಮನೆಗೆಲಸ, ಹೊಲದ ಕೆಲಸಕ್ಕೆ ಮಾಡಿದವು ಅದರಿಂದ ಹೊರಗೆ. ನಮಗೆ ಬೇಕಾದ ಅಲಗು 4 ಇಂಚಿನದು, ಅದಕ್ಕಿಂತ ದೊಡ್ಡದು ಸೊಂಟಕ್ಕೆ ಭಾರ. ಆದರೂ ಬಸ್ ಸ್ಟ್ಯಾಂಡು, ಸಂತೆ, ಜಾತ್ರೆಯಲ್ಲಿ ಸೊಂಟಕ್ಕೆ ಚಾಕು ಕಟ್ಟಿಕೊಂಡು ಓಡಾಡಬೇಡಿ. ನೋಡಿದವರಿಗೆ ಹೆದರಿಕೆಯಾಗುತ್ತದೆ, ಅದು ಸಹಜ. ಬಟ್ಟೆಯಲ್ಲಿ ಸುತ್ತಿ ಚೀಲದ ತಳದಲ್ಲಿಡಿ, ಕಾಲುದಾರಿ ಶುರುವಾಗುವಲ್ಲಿ ಕಟ್ಟಿಕೊಳ್ಳಿ.

## ಹಂತ 2: ಬೆಲ್ಟ್ ಆರಿಸಿ

ಆಫೀಸಿಗೆ ಹಾಕುವ ತೆಳು ಬೆಲ್ಟ್ ಇಲ್ಲಿ ನಡೆಯುವುದಿಲ್ಲ. ಭಾರ ಬಿದ್ದ ಕಡೆ ಅದು ಹೊರಕ್ಕೆ ತಿರುಚಿಕೊಳ್ಳುತ್ತದೆ. 38ರಿಂದ 40 ಮಿ.ಮೀ. ಅಗಲದ, ಗಟ್ಟಿ ನೈಲಾನ್ ಪಟ್ಟಿ ಅಥವಾ ದಪ್ಪ ಚರ್ಮದ ಬೆಲ್ಟ್ ಬೇಕು. ಗಟ್ಟಿ ಇದೆಯಾ ಎಂದು ನೋಡಲು ಒಂದು ಸುಲಭ ದಾರಿ ಇದೆ. ಬೆಲ್ಟನ್ನು ಅದರ ಅಂಚಿನ ಮೇಲೆ ಅಡ್ಡ ಹಿಡಿದು ಒಂದು ಗೇಣು ಮುಂದೆ ಚಾಚಿ. ತುದಿ ತಕ್ಷಣ ಜೋತುಬಿದ್ದರೆ ಬೇಡ.

ಮಳೆಗೆ ನೈಲಾನ್ ಒಳ್ಳೆಯದು. ಬೇಗ ಒಣಗುತ್ತದೆ, ತೂತುಗಳ ಗೊಡವೆ ಇಲ್ಲ, ಬೇಕಾದಷ್ಟು ಬಿಗಿ ಮಾಡಬಹುದು.

ಬೆಲ್ಟ್ ಅಗಲಕ್ಕೂ ಒರೆಯ ಕುಣಿಕೆಯ ಅಗಲಕ್ಕೂ ತಾಳೆ ನೋಡಿ. ಕುಣಿಕೆ 60 ಮಿ.ಮೀ., ಬೆಲ್ಟ್ 38 ಆದರೆ ಒರೆ ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ಕುಣಿಯುತ್ತದೆ. ಸೈಕಲ್ ಟ್ಯೂಬಿನ ಒಂದು ತುಂಡನ್ನು ಕುಣಿಕೆಯ ಒಳಗೆ ಬೆಲ್ಟ್ ಸುತ್ತ ಸುತ್ತಿದರೆ ಅದು ನಿಲ್ಲುತ್ತದೆ. ಬೆಲ್ಟ್ ಮೈಗೆ ಉಡದಾರದ ಹಾಗೆ ಅಂಟಿರಬೇಕು, ಕಚ್ಚಬಾರದು.

## ಹಂತ 3: ಸೊಂಟದಲ್ಲಿ ಯಾವುದು ಎಲ್ಲಿ

ಹೊಕ್ಕುಳನ್ನು ಗಡಿಯಾರದ 12 ಎಂದುಕೊಳ್ಳಿ. ಬಲಗೈ ಕಡೆ 3, ಬೆನ್ನುಮೂಳೆ 6, ಎಡಗೈ ಕಡೆ 9.

ಬಲಗೈಯವರು ಚಾಕುವನ್ನು 3ರಿಂದ 4ರ ನಡುವೆ ಕಟ್ಟಿ. ಎಡಗೈಯವರು 8ರಿಂದ 9. ಸಾಮಾನಿನ ಸಣ್ಣ ಚೀಲ ಇನ್ನೊಂದು ಪಕ್ಕದಲ್ಲಿ, ಬಲಗೈಯವರಿಗೆ 10ರ ಹತ್ತಿರ, ಎಡಗೈಯವರಿಗೆ 2ರ ಹತ್ತಿರ. ಎರಡೂ ಕಡೆ ತೂಕ ಹೆಚ್ಚು ಕಡಿಮೆ ಸಮ ಇದ್ದರೆ ಪ್ಯಾಂಟು ಜಾರುವುದಿಲ್ಲ.

ಎರಡು ಜಾಗ ಖಾಲಿ ಬಿಡಿ. ಮೊದಲನೆಯದು 6. ಜಾರಿ ಹಿಂದಕ್ಕೆ ಬಿದ್ದರೆ ಗಟ್ಟಿ ವಸ್ತು ನೇರ ಬೆನ್ನುಮೂಳೆಗೆ ಒತ್ತುತ್ತದೆ. ಎರಡನೆಯದು 12ರಿಂದ 1. ಬಗ್ಗಿದಾಗ, ಕುಕ್ಕರಗಾಲಲ್ಲಿ ಕೂತಾಗ ಒರೆಯ ತುದಿ ತೊಡೆಸಂದಿಗೆ ಚುಚ್ಚುತ್ತದೆ. ದೊಡ್ಡ ರಕ್ತನಾಳ ಇರುವ ಜಾಗ ಅದು.

ಇಲ್ಲೊಂದು ಪ್ರಶ್ನೆ ಬರುತ್ತದೆ. ಖಾನಾಪುರ ಕಡೆಯ ಹಳ್ಳಿಗಳಲ್ಲಿ ಹಿರಿಯರು ಕೊಯ್ತಾವನ್ನು (ಬಾಗಿದ ಕತ್ತಿ) ಮರದ ಕೊಕ್ಕೆಗೆ ಸಿಕ್ಕಿಸಿ ಸೊಂಟದ ಹಿಂದೆಯೇ ಕಟ್ಟುತ್ತಾರಲ್ಲ? ಹೌದು, ಅವರಿಗೆ ಅದು ಸರಿ. ಅವರ ಬೆನ್ನ ಮೇಲೆ ಚೀಲ ಇರುವುದಿಲ್ಲ, ಕಾರಿನ ಸೀಟಿಗೆ ಒರಗುವುದಿಲ್ಲ, ಆ ದಾರಿಯಲ್ಲಿ ಚಿಕ್ಕಂದಿನಿಂದ ಕಾಲಿಟ್ಟವರು. ನಮ್ಮ ನಡಿಗೆ ಬೇರೆ.

ಬೆನ್ನಿನ ಚೀಲದ ಸೊಂಟಪಟ್ಟಿಯೇ ದೊಡ್ಡ ತೊಂದರೆ. ಅದು ಸರಿಯಾಗಿ ಒರೆಯ ಮೇಲೆ ಕೂರುತ್ತದೆ. ಒರೆ ಪಕ್ಕೆಲುಬಿಗೆ ತಿವಿಯುತ್ತದೆ, ಚಾಕು ಹೊರಗೆ ಬರುವುದಿಲ್ಲ. ಇದಕ್ಕೆ ನನಗೆ ಕಂಡ ಪರಿಹಾರ ಒರೆಯನ್ನು ಬೆಲ್ಟ್‌ಗಿಂತ ಕೆಳಗೆ ತೂಗುಬಿಡುವುದು. ಚರ್ಮದ ಒಂದು ಉದ್ದ ಕುಣಿಕೆಯಿಂದ ಒರೆ ನಾಲ್ಕು ಬೆರಳು ಕೆಳಗೆ ಬಂದರೆ ಸಾಕು. ಕೂತಾಗ ತಾನೇ ಪಕ್ಕಕ್ಕೆ ಸರಿಯುತ್ತದೆ. ತೂಗುವ ಒರೆ ಓಡಿದಾಗ ಬಡಿಯುತ್ತದೆ, ಅದಕ್ಕೆ ತುದಿಯಲ್ಲಿ ತೂತು ಇದ್ದರೆ ದಾರ ಹಾಕಿ ಪ್ಯಾಂಟಿನ ಜೇಬಿನ ಗುಂಡಿಗೆ ಸಡಿಲವಾಗಿ ಕಟ್ಟಿ.

## ಹಂತ 4: ಒರೆಯನ್ನು ಪರೀಕ್ಷೆ ಮಾಡಿ

ಚಾಕುವಿಗೆ ದುಡ್ಡು ಸುರಿದು ಒರೆಯನ್ನು ನೋಡದೇ ಬಿಡುವವರು ಜಾಸ್ತಿ. ನನ್ನ ಮಟ್ಟಿಗೆ ಒರೆಯೇ ಮುಖ್ಯ. ಚಾಕು ಕೆಲಸ ಮಾಡುವುದು ದಿನಕ್ಕೆ ಹತ್ತು ನಿಮಿಷ, ಒರೆ ಇಡೀ ದಿನ ಕೆಲಸ ಮಾಡುತ್ತದೆ.

ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಹತ್ತಿರ ನಾನು ಒರೆ ಮಾಡಿಸಿದೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕೊಲ್ಹಾಪುರಿ ಚಪ್ಪಲಿಯಲ್ಲಿ ಬೆಳಗಾವಿ ಜಿಲ್ಲೆಯ ಕೈಗಳ ಪಾಲೂ ಇದೆ, ಅಥಣಿ ಅದಕ್ಕೆ ಹೆಸರಾದ ಊರು. ನಾನು ಎರಡು ಪದರ ಚರ್ಮ ಮಡಚಿ ಅಂಚು ಹೊಲಿದು ಕೊಡಿ ಅಂದೆ. ಅವರು ಚಾಕು ತೆಗೆದುಕೊಂಡು ಹೆಬ್ಬೆರಳಿನಿಂದ ಅಲಗು ಸವರಿ ನೋಡಿದರು. "ತಮ್ಮಾ, ಹಂಗ ಹೊಲದ್ರ ಅಲಗು ದಾರಾ ಕೊಯ್ತೈತಿ. ನಡುವ ಒಂದು ಪಟ್ಟಿ ಕೊಡಬೇಕು" ಅಂದರು. ಬೆರಳಗಲದ ಚರ್ಮದ ಪಟ್ಟಿಯೊಂದನ್ನು ಎರಡು ಪದರದ ನಡುವೆ, ಅಲಗಿನ ಕಡೆಗೆ ಇಟ್ಟರು. ಅಲಗು ಈಗ ಆ ಪಟ್ಟಿಗೆ ತಾಗುತ್ತದೆ, ಹೊಲಿಗೆಗೆ ತಾಗುವುದಿಲ್ಲ. ಆರಿ ಚುಚ್ಚಿ, ಮೇಣ ಸವರಿದ ದಾರ ಎರಡೂ ಕಡೆಯಿಂದ ಎಳೆದು ಕಟ್ಟಿದರು. ಅಂಗಡಿಯಿಂದ ತರುವ ಒರೆಯಲ್ಲೂ ಈ ನಡುವಿನ ಪಟ್ಟಿ ಇದೆಯಾ ಎಂದು ಅಂಚು ನೋಡಿ ತಿಳಿಯಿರಿ. ಎರಡೇ ಗೆರೆ ಕಂಡರೆ ಪಟ್ಟಿ ಇಲ್ಲ, ಮೂರು ಕಂಡರೆ ಇದೆ.

ಚರ್ಮ ಗಿಡದ ತೊಗಟೆಯಿಂದ ಹದ ಮಾಡಿದ್ದಾಗಿರಲಿ. ಕ್ರೋಮ್ ರಾಸಾಯನಿಕದಿಂದ ಹದ ಮಾಡಿದ ಮೆತ್ತನೆಯ ಚರ್ಮ ಆಕಾರ ಹಿಡಿದು ನಿಲ್ಲುವುದಿಲ್ಲ, ಲೋಹಕ್ಕೆ ತುಕ್ಕೂ ತರಿಸಬಹುದು.

ಇನ್ನು ಪರೀಕ್ಷೆ. ಚಾಕು ಒರೆಗೆ ಹಾಕಿ, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಹತ್ತು ಸಲ ಜೋರಾಗಿ ಅಲ್ಲಾಡಿಸಿ. ಹಿಡಿ ಹಿಡಿಯುವ ಗುಂಡಿಪಟ್ಟಿ ಬಿಚ್ಚಿಯೇ ಮಾಡಿ. ಜಾರಿದರೆ ಆ ಒರೆಯನ್ನು ಸೊಂಟಕ್ಕೆ ಕಟ್ಟಬೇಡಿ. ಪಟ್ಟಿ ಇದೆಯಲ್ಲ ಅನ್ನಬೇಡಿ, ಗಿಡಗಂಟಿಯ ನಡುವೆ ನುಗ್ಗುವಾಗ ಗುಂಡಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದೇ. ತುದಿಯಲ್ಲಿ ನೀರು ಇಳಿಯಲು ತೂತು ಇದೆಯಾ ಎಂದೂ ನೋಡಿ. ಪ್ಲಾಸ್ಟಿಕ್ ಒರೆಯಾದರೆ ಈ ತೂತು ಇರಲೇಬೇಕು.

## ಹಂತ 5: ಒರೆಯ ಮೇಲೆ ಏನು ಕಟ್ಟಬಹುದು

ಮೂರೇ ಸಾಮಾನು. ಚಕಮಕಿ ಕಡ್ಡಿ, ಹಗ್ಗ, ಸೈಕಲ್ ಟ್ಯೂಬಿನ ಬಳೆಗಳು. ಕಟ್ಟುವ ಕ್ರಮ ತಪ್ಪಬಾರದು.

ಮೊದಲು ಹಗ್ಗ. ಒರೆಯ ಕೆಳಗಿನ ಅರ್ಧಕ್ಕೆ ಮಾತ್ರ, ಸುತ್ತು ಪಕ್ಕದಲ್ಲಿ ಸುತ್ತು ಬರುವಂತೆ ಸುತ್ತಿ. ಒಂದರ ಮೇಲೊಂದು ಹತ್ತಿಸಿದರೆ ಒರೆ ಉಬ್ಬಿ ತೊಡೆಗೆ ತಾಗುತ್ತದೆ. ಮೇಲಿನ ಅರ್ಧ ಖಾಲಿ ಇರಲಿ. ಅನೇಕರು ಬಾಯಿಯವರೆಗೂ ಬಿಗಿಯಾಗಿ ಸುತ್ತುತ್ತಾರೆ, ಆಗ ಚರ್ಮ ಒಳಕ್ಕೆ ಒತ್ತಿ ಚಾಕು ಸಿಕ್ಕಿಬೀಳುತ್ತದೆ.

ಆಮೇಲೆ ಚಕಮಕಿ ಕಡ್ಡಿ. 8 ಮಿ.ಮೀ. ದಪ್ಪ, 8 ಸೆಂ.ಮೀ. ಉದ್ದದ ಫೆರೋ ರಾಡ್, ಅಂದರೆ ಕೆರೆದರೆ ಕಿಡಿ ಉದುರುವ ಲೋಹದ ಕಡ್ಡಿ, ಸಾಕು. ಕಡ್ಡಿಪೆಟ್ಟಿಗೆ ಒದ್ದೆಯಾದರೆ ಮುಗಿಯಿತು, ಇದನ್ನು ಒರೆಸಿ ಕೆರೆದರೆ ಕಿಡಿ ಬರುತ್ತದೆ. ಒರೆಯ ಹೊರಮುಖಕ್ಕೆ, ಅಂದರೆ ಮೈಗೆ ತಾಗದ ಕಡೆಗೆ ಇಡಿ. ದಾರದಲ್ಲಿ ಸುಮ್ನೆ ಜೋತುಬಿಟ್ಟರೆ ಲಂಟಾನ ಪೊದೆಗೆ ಸಿಕ್ಕಿ ಹರಿದುಹೋಗುತ್ತದೆ. ಹೊಸ ಕಡ್ಡಿಯ ಮೇಲೆ ಕಪ್ಪು ಬಣ್ಣದ ಲೇಪ ಇರುತ್ತದೆ. ಅದನ್ನು ಮನೆಯಲ್ಲೇ ಕೆರೆದು ತೆಗೆಯಿರಿ. ಕಿಡಿ ಬರುವುದಿಲ್ಲ ಎಂದು ಹೇಳುವ ಅರ್ಧ ಜನ ಇದನ್ನು ಮಾಡಿರುವುದಿಲ್ಲ. ಕೆರೆಯಲು ಚಾಕುವಿನ ಅಲಗು ಬಳಸಬೇಡಿ, ಬೆನ್ನು ಬಳಸಿ. ಬೆನ್ನಿನ ಅಂಚು ಚೌಕವಾಗಿರಬೇಕು, ದುಂಡಗಿದ್ದರೆ ಹ್ಯಾಕ್ಸಾ ಬ್ಲೇಡಿನ ಬೆರಳುದ್ದದ ತುಂಡು ಜೊತೆಗಿಡಿ.

ಕೊನೆಗೆ ಟ್ಯೂಬಿನ ಬಳೆ. ಟ್ಯೂಬನ್ನು ಅಡ್ಡ ಕತ್ತರಿಸಿ, ಒಂದು ಬೆರಳಗಲದ ನಾಲ್ಕು ಬಳೆ ಮಾಡಿ. ಎರಡು ಬಳೆ ಕಡ್ಡಿಯನ್ನೂ ಹಗ್ಗವನ್ನೂ ಒತ್ತಿ ಹಿಡಿಯುತ್ತವೆ, ಇನ್ನೆರಡು ಹೆಚ್ಚಿಗೆ. ಈ ರಬ್ಬರ್ ಒದ್ದೆಯಾಗಿದ್ದರೂ ಹೊತ್ತಿಕೊಂಡ ಮೇಲೆ ಕಪ್ಪು ಹೊಗೆ ಬಿಡುತ್ತ ಉರಿಯುತ್ತದೆ. ಹಸಿ ಕಡ್ಡಿ ಹತ್ತಿಸಲು ಇದಕ್ಕಿಂತ ಅಗ್ಗದ ಸಾಮಾನು ನಾನು ಕಂಡಿಲ್ಲ. ಕಿಡಿ ನೇರವಾಗಿ ರಬ್ಬರಿಗೆ ಹಿಡಿಯುವುದಿಲ್ಲ ನೆನಪಿರಲಿ, ಮೊದಲು ವ್ಯಾಸಲಿನ್ ಸವರಿದ ಹತ್ತಿ ಉಂಡೆ ಹೊತ್ತಬೇಕು.

## ಹಂತ 6: ಬೆಲ್ಟಿನ ಸಣ್ಣ ಚೀಲ

ನಮ್ಮ ಅಜ್ಜಿಯರ ಎಲೆ-ಅಡಿಕೆ ಚಂಚಿ ನೆನಪು ಮಾಡಿಕೊಳ್ಳಿ. ಎಲೆಗೊಂದು ಮಡಿಕೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಕರೆಂಟು ಹೋದ ರಾತ್ರಿಯಲ್ಲೂ ಕೈ ನೇರ ಸುಣ್ಣಕ್ಕೇ ಹೋಗುತ್ತಿತ್ತು. ನಿಮ್ಮ ಚೀಲವೂ ಹಾಗೇ ಇರಬೇಕು. ಪ್ರತಿ ಸಾಮಾನಿಗೂ ಒಂದೇ ಜಾಗ, ಅದು ಬದಲಾಗಬಾರದು.

ಅಂಗೈ ಅಗಲದ ಚೀಲ ಸಾಕು. ತಳದಲ್ಲಿ ಅಪರೂಪಕ್ಕೆ ಬೇಕಾಗುವುದು: ವ್ಯಾಸಲಿನ್ ಸವರಿದ ಹತ್ತಿ ಉಂಡೆ ಆರು, ಜಿಪ್ ಕವರಿನಲ್ಲಿ. ನೀರು ಶುದ್ಧ ಮಾಡುವ ಕ್ಲೋರಿನ್ ಗುಳಿಗೆ ಒಂದು ಪಟ್ಟಿ, ಓಆರ್‌ಎಸ್ ಒಂದು ಪೊಟ್ಟಣ. ಅದರ ಮೇಲೆ ಬ್ಯಾಂಡೇಜು, ಗಾಜ್ ಬಟ್ಟೆ. ಎಲ್ಲಕ್ಕಿಂತ ಮೇಲೆ ಒಂದೇ ಸೆಲ್ಲಿನ ಸಣ್ಣ ಟಾರ್ಚ್. ದಿಕ್ಸೂಚಿ ಬಳಸಲು ಬಂದರೆ ಇಡಿ, ಬರದಿದ್ದರೆ ಬಿಡಿ.

ಸೀಟಿಯನ್ನು ಚೀಲದೊಳಗೆ ಹಾಕಬೇಡಿ. ಕೈ ಮುರಿದಾಗ ಜಿಪ್ ಬಿಚ್ಚುವುದು ಯಾರು? ಗಿಡ್ಡ ದಾರದಲ್ಲಿ ಚೀಲದ ಹೊರಗೆ ಕಟ್ಟಿ. ಒಳಗೆ ಗುಂಡು ಇಲ್ಲದ ಸೀಟಿ ತಗೊಳ್ಳಿ, ನೀರು ಹೊಕ್ಕರೂ ಊದಬಹುದು. ಮೂರು ಸಲ ಊದಿ, ಒಂದು ನಿಮಿಷ ಕಾಯಿರಿ, ಮತ್ತೆ ಮೂರು ಸಲ. ಗುಂಪಿನವರಿಗೆಲ್ಲ ಇದನ್ನು ಹೊರಡುವ ಮುಂಚೆ ಹೇಳಿ. ಫೋನಿಗೆ ಸಿಗ್ನಲ್ ಸಿಕ್ಕರೆ 112.

ಹಾವು ಕಚ್ಚಿದರೆ ಕೊಯ್ಯಲು ಎಂದು ಬ್ಲೇಡು, ಬಿಗಿಯಲು ರಬ್ಬರ್ ಪಟ್ಟಿ ಇಟ್ಟುಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ತೆಗೆದು ಹಾಕಿ. ಕೊಯ್ಯಬಾರದು, ಹೀರಬಾರದು, ಬಿಗಿದು ಕಟ್ಟಬಾರದು. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ಉಂಗುರ, ಕಾಲ್ಗೆಜ್ಜೆ, ಬೂಟು ತೆಗೆದು, ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ಮುಟ್ಟಿಸುವುದೇ ಚಿಕಿತ್ಸೆ. ಸೊಂಟದ ಚಾಕುವಿಗೆ ಅಲ್ಲಿ ಏನೂ ಕೆಲಸವಿಲ್ಲ.

ಬಾದಾಮಿಯ ಬಂಡೆಗಳಿಗೋ ವಿಜಯಪುರದ ಬಯಲಿಗೋ ಹೋಗುವವರಿಗೆ ಪಟ್ಟಿ ಸ್ವಲ್ಪ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿ ಬೆಂಕಿಗಿಂತ ನೀರು ಮುಖ್ಯ. ಹತ್ತಿ ಉಂಡೆ ಎರಡು ಸಾಕು, ಓಆರ್‌ಎಸ್ ಮೂರು ಪೊಟ್ಟಣ ಇಡಿ. ನೀರಿನ ಬಾಟಲಿಯನ್ನು ಬೆಲ್ಟಿಗೆ ಕಟ್ಟುವ ಆಸೆ ಬರುತ್ತದೆ. ಅರ್ಧ ಲೀಟರ್ ಅಂದರೆ ಅರ್ಧ ಕೆಜಿ, ಬೆಲ್ಟ್ ಒಂದೇ ಕಡೆ ಎಳೆಯುತ್ತದೆ. ನೀರು ಬೆನ್ನಿನ ಮೇಲಿರಲಿ.

ಎಲ್ಲ ಕಟ್ಟಿದ ಮೇಲೆ ಬೆಲ್ಟ್ ಬಿಚ್ಚಿ ತಕ್ಕಡಿಗೆ ಹಾಕಿ. ಚಾಕು, ಒರೆ, ಚೀಲ ಸೇರಿ 700 ಗ್ರಾಂ ದಾಟಬಾರದು, ಇದು ನನ್ನ ಮಿತಿ. ದಾಟಿದರೆ ಇನ್ನೊಮ್ಮೆ ಹಳ್ಳದಲ್ಲಿ ತೇಲಿದ ಚೀಲವನ್ನು ನೆನೆದು ಒಂದೊಂದನ್ನೇ ತೆಗೆಯಿರಿ.

## ಹಂತ 7: ಮನೆಯಲ್ಲೇ ಪರೀಕ್ಷೆ

ಎಲ್ಲ ಕಟ್ಟಿಕೊಂಡು, ಬೆನ್ನಿಗೆ ಚೀಲವನ್ನೂ ಹಾಕಿ. ಇಪ್ಪತ್ತು ಸಲ ಕುಕ್ಕರಗಾಲಲ್ಲಿ ಕೂತು ಏಳಿ. ಮೆಟ್ಟಿಲು ಹತ್ತಿ ಇಳಿಯಿರಿ. ಅಂಗಳದಲ್ಲಿ ಮಲಗಿ ಒಂದು ಸುತ್ತು ಹೊರಳಿ. ಈ ಮೂರೂ ಆಗುವವರೆಗೆ ಚಾಕುವಿನ ಬದಲು ಅದೇ ಅಳತೆಯ ಮರದ ತುಂಡು ಒರೆಯಲ್ಲಿರಲಿ. ಯಾವುದು ತಿವಿಯುತ್ತದೆ, ಯಾವುದು ಬಡಿಯುತ್ತದೆ ಎಂದು ಅಲ್ಲೇ ತಿಳಿಯುತ್ತದೆ.

ಆಮೇಲೆ ರಾತ್ರಿ ದೀಪ ಆರಿಸಿ, ಎಡಗೈ ಒಂದರಿಂದಲೇ ಟಾರ್ಚ್ ತೆಗೆಯಿರಿ. ಸೀಟಿ ಬಾಯಿಗೆ ತನ್ನಿ. ಕೈ ಒದ್ದೆ ಮಾಡಿಕೊಂಡು ಮತ್ತೆ ಮಾಡಿ. ಹತ್ತು ಸೆಕೆಂಡಿನಲ್ಲಿ ಸಿಗದ ಸಾಮಾನು ತಪ್ಪು ಜಾಗದಲ್ಲಿದೆ.

## ಹಂತ 8: ಚಾಕು ತೆಗೆಯುವುದು, ಒಳಗಿಡುವುದು

ಗಾಯಗಳು ಹೆಚ್ಚಾಗಿ ಒಳಗಿಡುವಾಗ ಆಗುತ್ತವೆ. ಕಾರಣ ಒಂದೇ, ಕಣ್ಣು ಬೇರೆ ಕಡೆ ಇರುತ್ತದೆ. ಮಾತಾಡುತ್ತ ಒಳಗಿಡಬೇಡಿ. ನಿಲ್ಲಿ, ಒರೆಯ ಬಾಯಿ ನೋಡಿ, ಅಲಗಿನ ಬೆನ್ನನ್ನು ಒರೆಯ ಬೆನ್ನಿಗೆ ತಾಗಿಸಿ ನಿಧಾನ ಇಳಿಸಿ.

ತೆಗೆಯುವಾಗ ಎಡಗೈಯಿಂದ ಒರೆಯನ್ನು ಮುಷ್ಟಿಯಲ್ಲಿ ಹಿಡಿಯುವ ಅಭ್ಯಾಸ ಬಿಡಿ. ಅಲಗಿನ ಕಡೆಯ ಹೊಲಿಗೆ ಹರಿದಿದ್ದರೆ ಬೆರಳು ಕೊಯ್ಯುತ್ತದೆ. ಒರೆಯ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿ, ಬಲಗೈಯಿಂದ ಮೇಲಕ್ಕೆ ಎಳೆಯಿರಿ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಯಾರಾದರೂ ಇದ್ದರೆ ತೆಗೆಯಲೇಬೇಡಿ.

## ತಕ್ಷಣ ನಿಲ್ಲಬೇಕಾದ ಸೂಚನೆಗಳು

ನಡೆಯುವಾಗ ಒರೆಯೊಳಗೆ ಚಾಕು ಲೊಟಲೊಟ ಸದ್ದು ಮಾಡಿದರೆ ಬಾಯಿ ಸಡಿಲವಾಗಿದೆ. ಚಾಕು ಬೆನ್ನಿನ ಚೀಲಕ್ಕೆ ಹೋಗಲಿ.

ತೊಡೆಯ ಹೊರಭಾಗ ಜುಮ್ಮೆನ್ನುವುದು, ಉರಿಯುವುದು, ಮುಟ್ಟಿದರೆ ಗೊತ್ತಾಗದಿರುವುದು: ಬೆಲ್ಟ್ ಅಥವಾ ಚೀಲದ ಸೊಂಟಪಟ್ಟಿ ಅಲ್ಲಿಯ ನರವನ್ನು ಒತ್ತುತ್ತಿದೆ. ಸುಸ್ತಾಗಿದೆ ಎಂದುಕೊಂಡು ಮುಂದೆ ನಡೆಯಬೇಡಿ. ಸಡಿಲ ಮಾಡಿ, ಒರೆಯನ್ನು ಎರಡು ಬೆರಳು ಹಿಂದಕ್ಕೆ ಸರಿಸಿ. ಮನೆಗೆ ಬಂದ ಮೇಲೂ ಉಳಿದರೆ ಡಾಕ್ಟರಿಗೆ ತೋರಿಸಿ.

ಒರೆಯ ಅಂಚಿನಲ್ಲಿ ದಾರದ ಎಳೆ ಎದ್ದಿದ್ದರೆ, ಬೆಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಅವತ್ತಿನ ನಡಿಗೆ ಮುಗಿಸಿ, ಮುಂದಿನದಕ್ಕೆ ಅದನ್ನು ಒಯ್ಯಬೇಡಿ.

## ಹಂತ 9: ಮನೆಗೆ ಬಂದ ರಾತ್ರಿ

ಕಣಕುಂಬಿಯ ಮಳೆಯಲ್ಲಿ ನೆನೆದ ಚರ್ಮದ ಒರೆ ಒಳಗೆ ಮೂರು ನಾಲ್ಕು ದಿನ ಹಸಿಯಾಗಿರುತ್ತದೆ. ಚಾಕು ಅದರಲ್ಲೇ ಇದ್ದರೆ ಮುಂದಿನ ಭಾನುವಾರದ ಹೊತ್ತಿಗೆ ಅಲಗಿನ ಮೇಲೆ ಕಂದು ಚುಕ್ಕೆಗಳು. ಚಾಕು ತೊಳೆದು, ಒರೆಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ಒರೆಯನ್ನು ಒಲೆಯ ಹತ್ತಿರ, ಬಿಸಿಲಲ್ಲಿ ಇಡಬೇಡಿ, ಚರ್ಮ ಸೆಟೆದು ಬಿರಿಯುತ್ತದೆ. ಹಳೆಯ ಪತ್ರಿಕೆಯನ್ನು ಸುರುಳಿ ಮಾಡಿ ಒಳಗೆ ತುರುಕಿ, ಗಾಳಿ ಆಡುವಲ್ಲಿ ನೆರಳಿಗೆ ತೂಗುಹಾಕಿ. ಮರುದಿನ ಕಾಗದ ಬದಲಿಸಿ. ಕಾಗದ ಒಣಗಿಯೇ ಹೊರಬಂದ ದಿನ ಚಾಕುವನ್ನು ಒರೆಗೆ ಹಾಕಬಹುದು. ಮುಂದಿನ ನಡಿಗೆ ತಿಂಗಳ ಮೇಲಿದ್ದರೆ ಎರಡನ್ನೂ ಬೇರೆ ಬೇರೆಯಾಗಿಯೇ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಡಿ.